ಮಕ್ಕಳ ಜೊತೆ ಮೊದಲ ಟೆಂಟ್: ದಾವಣಗೆರೆ, ದುರ್ಗದ ಸುತ್ತ ಎಲ್ಲಿ ಒಳ್ಳೆಯದು?

ಕೇಳಿದ್ದು: ನಾವು ದಾವಣಗೆರೆಯವರು. ಮಕ್ಕಳಿಗೆ ಐದು ಮತ್ತು ಒಂಬತ್ತು ವರ್ಷ. ದಸರಾ ರಜೆಗೆ ಅಂತ ಟೆಂಟ್ ತಂದಿದ್ದೇವೆ. ಅತ್ತೆಯವರೂ ಬರುತ್ತಾರೆ, ಅವರಿಗೆ ಮಂಡಿ ನೋವು. ದೂರ ಬೇಡ. ಮಕ್ಕಳನ್ನು ಕರೆದುಕೊಂಡು ಹೋಗಿ ಬಂದವರು ಹೇಳ್ತೀರಾ?

ಚನ್ನಗಿರಿ ಕಡೆಯವರು: ಅಕ್ಕ, ಮೊದಲ ರಾತ್ರಿಗೆ ಗುಡ್ಡ, ಕಾಡು ಬೇಡ. ನೆಂಟರ ಹೊಲವೋ ತೋಟವೋ ಇದ್ದರೆ ಅಲ್ಲೇ ಹಾಕಿ. ನಾವು ಹೋದ ವರ್ಷ ನಮ್ಮಣ್ಣನ ಅಡಿಕೆ ತೋಟದ ಕಣದಲ್ಲಿ ಹಾಕಿದ್ದೆವು. ರಾತ್ರಿ ಎರಡು ಗಂಟೆಗೆ ಮಗಳು ಹೆದರಿ ಎದ್ದು ಅತ್ತಳು. ಮನೆ ಹತ್ತಿರವೇ ಇತ್ತು, ಒಳಗೆ ಎತ್ತಿಕೊಂಡು ಹೋಗಿ ಮಲಗಿಸಿದೆ. ಬೆಳಗ್ಗೆ ನಾವು ಏಳುವ ಮೊದಲೇ ಅವಳೇ ಓಡಿ ಬಂದು ಟೆಂಟಿನಲ್ಲಿ ಕೂತಿದ್ದಳು! ಊರಿಂದ ದೂರ ಇದ್ದಿದ್ದರೆ ಅವಳು ಮತ್ತೆಂದೂ ಟೆಂಟಿಗೆ ಬರುತ್ತಿರಲಿಲ್ಲ ಅನಿಸುತ್ತದೆ.

ಅಡಿಕೆ ಸಾಲಿನೊಳಗೆ, ತೆಂಗಿನ ಮರದ ಕೆಳಗೆ ಮಾತ್ರ ಹಾಕಬೇಡಿ. ಸೋಗೆ, ಗರಿ, ಕಾಯಿ ಯಾವಾಗ ಬೀಳುತ್ತವೋ ಹೇಳಕ್ಕಾಗಲ್ಲ. ಕೆಳಗೆ ತಾಡಪತ್ರಿ ಹಾಸಿ. ಕತ್ತಲಾಗುವ ಮೊದಲೇ ಟೆಂಟಿನ ಜಿಪ್ ಎಳೆದುಬಿಡಿ, ಸೊಳ್ಳೆ ಜಾಸ್ತಿ. ಚಪ್ಪಲಿ ಹೊರಗೆ ಬಿಟ್ಟರೆ ಬೆಳಗ್ಗೆ ಕೊಡವದೆ ಹಾಕಬಾರದು, ಚೇಳು ಇರುತ್ತವೆ. ಅತ್ತೆಯವರಿಗೆ ಒಂದು ಮಂಚ ಇಟ್ಟುಬಿಡಿ, ನೆಲದಿಂದ ಏಳುವುದು ಅವರಿಗೆ ಕಷ್ಟ ಅಲ್ವಾ. ಮರುದಿನ ಸೂಳೆಕೆರೆ ಏರಿ ಮೇಲೆ ಗಾಳಿ ತೆಗೆದುಕೊಂಡು, ಸಂತೇಬೆನ್ನೂರಿನ ಪುಷ್ಕರಣಿ ನೋಡಿ ಬನ್ನಿ. ಸೂಳೆಕೆರೆಯ ನೀರೇ ಚಿತ್ರದುರ್ಗದ ನಲ್ಲಿಗೂ ಹೋಗುತ್ತದೆ ಅಂದಾಗ ನನ್ನ ಮಗ ನಂಬಲೇ ಇಲ್ಲ.

ಚಿತ್ರದುರ್ಗದವರು: ಕೋಟೆಗೆ ಬರೋದಾದರೆ ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಬನ್ನಿ. ಹನ್ನೊಂದರ ಮೇಲೆ ಬಂಡೆ ಕಾದು ಮಕ್ಕಳು ಸುಸ್ತಾಗುತ್ತಾರೆ. ಓಬವ್ವನ ಕಿಂಡಿಯಲ್ಲಿ ನುಸುಳುವುದು, ಅಕ್ಕ ತಂಗಿಯರ ಹೊಂಡ, ಇಷ್ಟು ಸಾಕು. ಎಲ್ಲಾ ನೋಡಲೇಬೇಕು ಅಂತ ಎಳೆದಾಡಬೇಡಿ. ಮಂಡಿ ನೋವಿನವರು ಕೆಳಗಿನ ಬಾಗಿಲುಗಳವರೆಗೆ ಬಂದು ಕೂರಬಹುದು. ತಿಂಡಿ ಚೀಲ ಕೈಯಲ್ಲಿ ಹಿಡಿಯಬೇಡಿ, ಕೋತಿ ಕಿತ್ತುಕೊಳ್ಳುತ್ತವೆ.

ಚಂದ್ರವಳ್ಳಿ ಗುಹೆಯೊಳಗೆ ಪೂರ್ತಿ ಕತ್ತಲು. ಟಾರ್ಚ್ ಹಿಡಿದ ಗೈಡ್ ಜೊತೆಗೇ ಹೋಗಿ. ಅಲ್ಲಿನ ಕೆರೆಗೆ ಮಕ್ಕಳನ್ನು ಇಳಿಸಲೇಬೇಡಿ. ಜೋಗಿಮಟ್ಟಿಯ ಗಾಳಿ, ಮಂಜು ಎರಡೂ ಚೆನ್ನ. ಆದರೆ ಅದು ಕರಡಿ, ಚಿರತೆ ಇರುವ ಕಾಡು. ಬೆಳಗ್ಗೆ ಹೋಗಿ, ಬಿಸಿಲು ಏರುವಷ್ಟರಲ್ಲಿ ಇಳಿದುಬಿಡಿ. ಅಲ್ಲಿ ಟೆಂಟ್, ಬೆಂಕಿ ಎರಡೂ ಬೇಡ.

ಹರಿಹರದವರು: ಕೊಂಡಜ್ಜಿ ಮರೆತಿರಾ? ನಿಮಗೆ ಎಲ್ಲಕ್ಕಿಂತ ಹತ್ತಿರ. ಕೆರೆ, ಹಿಂದೆ ಗುಡ್ಡ, ನೆರಳು. ಸ್ಕೌಟ್ಸ್ ಮಕ್ಕಳ ಶಿಬಿರ ನಡೆಯುವುದೂ ಅಲ್ಲೇ. ನಾವು ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಹೋಗಿ ಸಂಜೆವರೆಗೂ ಇದ್ದು ಬರುತ್ತೇವೆ.

ಹಿರಿಯೂರಿನವರು: ಒಂಬತ್ತು ವರ್ಷದವನಿಗೆ ವಾಣಿ ವಿಲಾಸ ಸಾಗರ ಅಣೆಕಟ್ಟು ತೋರಿಸಿ. ನಾವು ಮಾರಿಕಣಿವೆ ಅಂತಲೇ ಕರೆಯೋದು. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡ ಕಟ್ಟಿದ್ದಾರೆ, 1907ರಲ್ಲಿ ಮುಗಿದ ಕೆಲಸ. 1933ರಲ್ಲಿ ಕೋಡಿ ಬಿದ್ದಿದ್ದು, ಮತ್ತೆ ಬಿದ್ದಿದ್ದು 2022ರಲ್ಲಿ. ಆವತ್ತು ನಮ್ಮ ಅಜ್ಜಿಯನ್ನು ಕರೆದುಕೊಂಡು ಹೋಗಿದ್ದೆ. ನೀರು ಹರಿಯುವುದನ್ನು ನೋಡುತ್ತಾ ಕೈ ಮುಗಿದು ನಿಂತುಬಿಟ್ಟರು. ಕೋಡಿ ಹರಿಯುವಾಗ ಮಕ್ಕಳ ಕೈ ಬಿಡಬೇಡಿ, ಕಲ್ಲು ಜಾರುತ್ತವೆ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ಭಾನುವಾರ ಕೊಂಡಜ್ಜಿಗೆ ಬುತ್ತಿ ಕಟ್ಟುತ್ತೇನೆ. ಟೆಂಟ್ ನಮ್ಮ ಚಿಕ್ಕಪ್ಪನ ಹೊಲದ ಕಣಕ್ಕೆ, ಮಳೆ ಬಿಟ್ಟ ಮೇಲೆ. ಮಂಚದ ಮಾತು ಕೇಳಿ ಅತ್ತೆ ಈಗಲೇ ಖುಷಿಯಾಗಿದ್ದಾರೆ.