ತಲೇಲಿ ತೆಲುಗಿಗೊಂದು ಕನ್ನಡಕ್ಕೊಂದು ಡಬ್ಬಾ ಇರುತ್ತಾ?

ನಮ್ದು ಮುಳಬಾಗಿಲು ಕಡೆ, ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ. ನಿನ್ನೆ ಫ್ರೆಂಡು ಫೋನಲ್ಲಿ ಕನ್ನಡದಲ್ಲೇ 'ಪಾಲು ಎಷ್ಟು ಬಂತು' ಅಂದ, ಅವನು ಕೇಳಿದ್ದು ಜಮೀನಿಂದು, ನಾನು ತೆಲುಗಿನ ಪಾಲು, ಅಂದ್ರೆ ಡೈರಿಗೆ ಹಾಕಿದ ಹಾಲು ಅಂದ್ಕೊಂಡು ಆರು ಲೀಟರ್ ಅಂದ್ಬಿಟ್ಟೆ. ತೆಲುಗು ಯಾಕೆ ಮಧ್ಯ ನುಗ್ತು?

↳ ಪೂರ್ತಿ ಬೇರೆ ಡಬ್ಬಾ ಏನಿಲ್ಲ ಗುರು, ಒಂದು ಭಾಷೆ ಕೇಳ್ತಿದ್ರೂ ಇನ್ನೊಂದು ಆಫ್ ಆಗಲ್ಲ. 1999ರಲ್ಲಿ ಸ್ಪೈವಿ, ಮರಿಯನ್ ಅನ್ನೋ ಸಂಶೋಧಕರು ಮಾಡಿದ ಪ್ರಯೋಗದಲ್ಲಿ ರಷ್ಯನ್‌ನಲ್ಲಿ 'ಮಾರ್ಕು' (ಅಂದ್ರೆ ಸ್ಟಾಂಪು) ಎತ್ತಿಡಿ ಅಂದಾಗ, ಇಂಗ್ಲಿಷೂ ಬರೋರ ಕಣ್ಣು ಪಕ್ಕದಲ್ಲಿದ್ದ ಮಾರ್ಕರ್ ಪೆನ್ ಕಡೆಗೂ ಓಡ್ತಿತ್ತಂತೆ. ಶುರುವಿನ ಸದ್ದು ಒಂದೇ ಆದ್ರೆ ಎರಡೂ ಭಾಷೆ ಪದ ಎಚ್ಚರ ಆಗ್ತವೆ, ಆಮೇಲೆ ಸಂದರ್ಭ ನೋಡಿ ಒಂದು ಗೆಲ್ಲುತ್ತೆ. ನಿಮ್ಗೆ ಡೈರಿ ಟೈಮ್ ಆಗಿತ್ತೇನೋ 😄

↳ ನಮ್ಮಜ್ಜಿ ತೆಲುಗಲ್ಲಿ 'ಎದ್ದು ಎಕ್ಕಡ' (ಎತ್ತು ಎಲ್ಲಿ) ಅಂತ ಹುಡುಕ್ತಿದ್ರೆ ನನ್ನ ಮಗಳು ಎದ್ದು ನಿಂತ್ಕೋತಾಳೆ 😂