ಕಾಯಿಲೋವರ್: ಬೋರ್ಡಿಗೆ ಒಂದು ಕನ್ನಡ ಪದ ಬೇಕು, ಗುರುವಾರದೊಳಗೆ

ಕಾರವಾರದಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ನನ್ನ ಅಕ್ಕನ ಮಗ ಇಲ್ಲಿ ಹೆದ್ದಾರಿ ಪಕ್ಕ ಗ್ಯಾರೇಜು ಹಾಕುತ್ತಿದ್ದಾನೆ. ಪಂಕ್ಚರು, ಆಯಿಲು ಅಂಥದ್ದಲ್ಲ, ಕಾರಿನ ಸಸ್ಪೆನ್ಶನ್ ಕೆಲಸ ಮಾತ್ರ, ಅಂದರೆ ಗಾಲಿಗೂ ಕಾರಿನ ಮೈಗೂ ನಡುವಿನ ಸ್ಪ್ರಿಂಗು, ಶಾಕಬ್ಸರ್. ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ. ಪೇಂಟರ್ ಗುರುವಾರ ಬರುತ್ತಾನೆ. ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತಗೊಳ್ಳುವವನು, ಪದ ಉದ್ದ ಆದಷ್ಟೂ ನಮ್ಮ ಜೇಬಿಗೇ ಕತ್ತರಿ.

ಜೊತೆಗೆ ಒಂದು ಪುಟದ ಕರಪತ್ರ. ಮೂಲ ಇಂಗ್ಲಿಷಿನದು. ಮಜ್ದಾ ಎಂಎಕ್ಸ್-5 ಕಾರಿಗೆ ಕಡಿಮೆ ದುಡ್ಡಿನಲ್ಲಿ ಕಾಯಿಲೋವರ್ ಆರಿಸೋದು ಹೇಗೆ ಅಂತ. 1989ರಿಂದ ಬರುತ್ತಿರುವ ಎರಡು ಸೀಟಿನ ಜಪಾನಿ ಕಾರು ಅದು. ನಮ್ಮ ಗ್ಯಾರೇಜಿಗೆ ಅದೆಲ್ಲಿಂದ ಬರಬೇಕು, ಬರೋದು ಪೋಲೋ, ಸ್ವಿಫ್ಟು. ಆದರೆ ಸಾಮಾನು ಅದೇ ಜಾತಿಯದು.

ಕಾಯಿಲೋವರ್ ನೋಡದವರಿಗೆ ಹೇಳುತ್ತೇನೆ. ಶಾಕಬ್ಸರ್ ಮೈ ಮೇಲೆ ಹೊರಗಡೆ ಆಟೆ, ಅಂದರೆ ಸ್ಕ್ರೂ ಮೇಲಿನ ಹಾಗೆ ಸುತ್ತು ಗೆರೆ, ಕೊರೆದಿರುತ್ತದೆ. ಆಟೆಗೆ ಒಂದು ದಪ್ಪ ಬಳೆ, ಬಳೆ ಮೇಲೆ ಸ್ಪ್ರಿಂಗು. ಬಳೆಯನ್ನು ಮೇಲೆ ತಿರುಗಿಸಿದರೆ ಕಾರು ಏಳುತ್ತದೆ, ಕೆಳಗೆ ತಿರುಗಿಸಿದರೆ ಇಳಿಯುತ್ತದೆ. ಕೆಲವಕ್ಕೆ ತುದಿಯಲ್ಲಿ ಒಂದು ಸಣ್ಣ ತಿರುಗಣೆ ಇರುತ್ತದೆ. ತಿರುಗಿಸಿದರೆ ಟಿಕ್ ಟಿಕ್ ಅನ್ನುತ್ತದೆ, ಶಾಕಬ್ಸರ್ ಬಿಗಿಯೋ ಸಡಿಲವೋ ಆಗುತ್ತದೆ.

ಕಾಯಿಲೋವರ್ ಅಂತಲೇ ಬರೆಸೋಣ ಅಂದೆ. ಅಕ್ಕ ಕಾಗದ ನೋಡಿ, “ಕಾಯಿಲೆ ಓವರ್ ಅಂತ ಬರೆಸ್ತೀಯಾ? ಜನ ಔಷಧಿ ಚೀಟಿ ಹಿಡ್ಕೊಂಡು ಬರ್ತಾರೆ” ಅಂದಳು. ಮೊಬೈಲಿಗೆ ಹಾಕಿದೆ. ಅದು ‘ಕ್ರೀಡಾ ಕಾರುಗಳಿಗೆ ಅಗ್ಗದ ಅಮಾನತು’ ಅಂತ ಕೊಟ್ಟಿತು. ಸ್ಪ್ರಿಂಗ್ ರೇಟ್ ಅಂದರೆ ‘ವಸಂತ ದರ’ ಅಂತೆ. ದಯವಿಟ್ಟು ಕಾಪಾಡಿ.

ಶಿರಸಿಯಿಂದ, ಮಂಗಳವಾರ ಬೆಳಿಗ್ಗೆ

ತಮ್ಮಾ, ಇಷ್ಟಕ್ಕೆಲ್ಲ ಗಾಬರಿ ಯಾಕೆ? ಕಾಯಿಲ್ ಅಂದರೆ ಸುರುಳಿ. ಸಸ್ಪೆನ್ಶನ್ ಅಂದರೆ ತೂಗು. ತೂಗುಸುರುಳಿ. ಮುಗಿಯಿತು.

ತೂಗುಸೇತುವೆ, ತೂಗುಮಂಚ, ತೂಗುದೀಪ ಎಲ್ಲ ಇದೆ. ಕಾರಿಗೆ ಮಾತ್ರ ತೂಗು ಯಾಕೆ ಬೇಡ? ಹಿಂದೆ ಯುರೋಪಿನಲ್ಲಿ ಸಾರೋಟಿನ ಪೆಟ್ಟಿಗೆಯನ್ನು ತೊಗಲಿನ ಪಟ್ಟಿಗಳಲ್ಲಿ ನೇತು ಹಾಕುತ್ತಿದ್ದರು, ತೊಟ್ಟಿಲಿನ ಹಾಗೆ. ಇಂಗ್ಲಿಷಿನ ಪದದೊಳಗೆ ಇರುವುದು ಆ ತೊಟ್ಟಿಲೇ. ನಮ್ಮ ತೂಗು ಅದಕ್ಕೆ ತಕ್ಕ ಜೋಡಿ.

ಇನ್ನು ‘ಶಾಕಬ್ಸರ್’ ಅನ್ನುವುದು ಇಂಗ್ಲಿಷೂ ಅಲ್ಲ, ಕನ್ನಡವೂ ಅಲ್ಲ. ‘ಆಟೆ’ ಮರಾಠಿ, ತಿರುಪು ಅನ್ನಿ. ಡ್ಯಾಂಪಿಂಗಿಗೆ, ಅಂದರೆ ಸ್ಪ್ರಿಂಗಿನ ಕುಣಿತ ತಗ್ಗಿಸುವುದಕ್ಕೆ, ಪಠ್ಯಪುಸ್ತಕದ ‘ಅವಮಂದನ’ ತಂದು ಹಾಕಿದರೆ ನಾನು ಈ ಬಳಗದಲ್ಲಿ ಇರುವುದಿಲ್ಲ. ತಣಿಪು ಅನ್ನಿ. ಗಾಡಿಯ ಇರಸು, ಕೀಲು, ಕಡಾಣಿ ಎಲ್ಲ ಕೊಟ್ಟ ಭಾಷೆಗೆ ಇದೊಂದು ಕಷ್ಟವೇ?

ಅಂಕೋಲಾದಿಂದ, ಮಂಗಳವಾರ ಮಧ್ಯಾಹ್ನ

ತೂಗುಸುರುಳಿ ಅಂದರೆ ನನಗೆ ಸೊಳ್ಳೆ ಬತ್ತಿ ನೆನಪಾಗುತ್ತದೆ.

ಅರಬೈಲ್ ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವ ನಾನು. ಲಾರಿಗೆ ಇರೋದು ಕಮಾನು ಪಟ್ಟಾ, ಬಾಗಿದ ಉಕ್ಕಿನ ಪಟ್ಟಿಗಳು. ಕಾರಿಗೆ ಸ್ಪ್ರಿಂಗು. ಮೂರನೇ ಪದ ಯಾವ ಗ್ಯಾರೇಜಲ್ಲೂ ಕೇಳಿಲ್ಲ. ಮಾಸ್ತರ್ರೇ, ಎತ್ತಿನ ಗಾಡಿಗೆ ಸ್ಪ್ರಿಂಗೇ ಇರಲಿಲ್ಲ, ಅಲ್ಲಿಂದ ಪದ ಹೇಗೆ ಬರಬೇಕು? ಮತ್ತೆ ಈಗಿನ ಕಾರಿನ ಮೈ ಸ್ಪ್ರಿಂಗಿನ ಮೇಲೆ ಕೂತಿರೋದು. ತೂಗಾಡ್ತಾ ಇಲ್ಲ.

ಶಿರಸಿಯಿಂದ, ಮಂಗಳವಾರ ಸಂಜೆ

ಕಮಾನು ಪಾರ್ಸಿ. ಬಿಲ್ಲು ಅಂತ ಅರ್ಥ. ನಮ್ಮಲ್ಲಿ ಬಿಲ್ಲು ಇಲ್ಲವೇ?

ಅಂಕೋಲಾದಿಂದ, ಐದು ನಿಮಿಷಕ್ಕೆ

ಇದೆ. ‘ಬಿಲ್ಲು ಮುರಿದಿದೆ’ ಅಂತ ಗ್ಯಾರೇಜಿಗೆ ಹೋಗಿ ನೋಡಿ. ಸೀತಾ ಸ್ವಯಂವರವಾ ಅಂತ ಕೇಳ್ತಾರೆ.

ಚಾವಿ, ಪಗಾರ, ಬಟಾಟೆ, ಜನೇಲು ಎಲ್ಲ ಗೋವಾದ ಪೋರ್ಚುಗೀಸರಿಂದ ಬಂದದ್ದು. ಮಾಸ್ತರ್ರು ಇಷ್ಟು ವರ್ಷ ಪಗಾರ ತಗೊಳ್ಳುವಾಗ ಪದ ಯಾರದ್ದು ಅಂತ ಕೇಳಿದ್ರಾ?

ಶಿರಸಿಯಿಂದ, ರಾತ್ರಿ

ಸಂಬಳ ತೆಗೆದುಕೊಂಡಿದ್ದೇನೆ. ಪಗಾರ ನಿಮ್ಮ ಘಟ್ಟದ ಕೆಳಗೆ. ಬಂದದ್ದು ಬಂತು, ಹೊಸದನ್ನು ಕರೆಯಬೇಡಿ ಅನ್ನುವುದಷ್ಟೇ ನನ್ನ ಮಾತು.

ಹೊನ್ನಾವರದಿಂದ, ಬುಧವಾರ

ಇಬ್ಬರೂ ಒಂದು ಕ್ಷಣ ನಿಲ್ಲಿ. ಪಾಪ, ಅವನಿಗೆ ಪೇಂಟರ್ ನಾಳೆಯೇ ಬರುತ್ತಾನೆ.

‘ಕಾಯಿಲ್’, ‘ಓವರ್’ ಅಂತ ಬಿಡಿಸಿ ಅನುವಾದ ಮಾಡಿದ್ದೇ ಎಡವಟ್ಟು. ಶಾಕಬ್ಸರ್ ಸುತ್ತ ಸ್ಪ್ರಿಂಗು ಇರೋದು ಹೊಸತಲ್ಲ. ಮನೆ ಮುಂದೆ ನಿಂತ ಬೈಕಿನ ಹಿಂದುಗಡೆ ನೋಡಿ, ಹಾಗೇ ಇದೆ. ಎಷ್ಟೋ ಕಾರುಗಳ ಮುಂದಿನ ಗಾಲಿಗೆ ಕಂಪನಿಯವರೇ ಹಾಗೆ ಕೂರಿಸಿ ಕೊಡುತ್ತಾರೆ. ಅದಕ್ಕೆ ಯಾರೂ ಬೇರೆ ದುಡ್ಡು ಕೊಡುವುದಿಲ್ಲ. ಈ ಹೆಸರಲ್ಲಿ ಅಂಗಡಿಯವರು ಮಾರೋದು ಆಟೆ ಮತ್ತು ಬಳೆ. ಅಂದರೆ ಎತ್ತರ ಹೆಚ್ಚುಕಮ್ಮಿ ಮಾಡೋ ಸೌಕರ್ಯ. ಪದವೂ ಅಲ್ಲಿಂದಲೇ ಹುಟ್ಟಬೇಕು, ಸುರುಳಿಯಿಂದ ಅಲ್ಲ.

ಕರಪತ್ರದ ವಿಷಯ. ‘ವಸಂತ ದರ’ ಬಿಸಾಕು. ‘ಸ್ಪ್ರಿಂಗ್ ದರ 6 ಕೆ.ಜಿ.’ ಅಂದರೆ ತೂಕಕ್ಕೆ ಮಾರುತ್ತೀರಾ ಅಂತಾರೆ. ‘ಸ್ಪ್ರಿಂಗಿನ ಬಿಗಿ’ ಅನ್ನು, ಒಂದು ಸಾಲು ವಿವರಿಸು: 6 ಕೆ.ಜಿ. ಹೇರಿದರೆ 1 ಮಿ.ಮೀ. ತಗ್ಗುತ್ತದೆ, 300 ಕೆ.ಜಿ. ಕೂತರೆ 50 ಮಿ.ಮೀ. ‘ಗಡಸು’ ಬೇಡ. ಗಡಸು ಉಕ್ಕಿನ ಗುಣ, ಬಿಗಿ ಸ್ಪ್ರಿಂಗಿನದು. ಒಂದೇ ಉಕ್ಕಲ್ಲಿ ತಂತಿ ದಪ್ಪ ಮಾಡಿದರೂ ಬಿಗಿ ಏರುತ್ತದೆ. ಶಾಕಬ್ಸರಿಗೂ ‘ಬಿಗಿ’ ಅಂದಿದ್ದೀಯ, ಅಲ್ಲಿ ಬೇರೆ ಪದ ಬೇಕು. ಅದು ಭಾರ ಹೊರೋದಿಲ್ಲ, ಸ್ಪ್ರಿಂಗು ಕುಣಿಯೋದನ್ನು ತಡೀತದೆ. ‘ತಡೆ’ ಸಾಕು. ಮಾಸ್ತರ್ರ ತಣಿಪು ಚೆನ್ನಾಗಿದೆ, ಆದರೆ ಕಬ್ಬಿನ ಹಾಲಿನ ಅಂಗಡಿಗೆ ಒಪ್ಪುತ್ತದೆ.

ಬಳೆಗೆ ನಮ್ಮಲ್ಲೇ ಪದ ಇದೆ: ಸಿಂಬೆ. ಮೀನು ಮಾರುವ ಹೆಂಗಸರು ಬುಟ್ಟಿ ಎತ್ತುವ ಮೊದಲು ಸೀರೆಯ ಹಳೇ ತುಂಡನ್ನು ಸುತ್ತಿ, ಒಮ್ಮೆ ಒತ್ತಿ ನೋಡಿ, ತಲೆ ಮೇಲೆ ಇಡುತ್ತಾರಲ್ಲ, ಅದು. ಮೇಲಿನ ಭಾರ ಜಾರದೆ ಕೂರಲಿ ಅಂತ. ಇಲ್ಲೂ ಅದೇ ಕೆಲಸ.

ಒಂದು ಎಚ್ಚರಿಕೆಯನ್ನೂ ದಪ್ಪಕ್ಷರದಲ್ಲಿ ಹಾಕು. ಸಿಂಬೆ ಇಳಿಸಿ ಕಾರು ತಗ್ಗಿಸಿದರೆ ಶಾಕಬ್ಸರ್ ಒಳಗೆ ಹೋಗೋ ಜಾಗವೂ ಕಮ್ಮಿ ಆಗುತ್ತದೆ. ಹೊಂಡ ಸಿಕ್ಕಿದಾಗ ತಳಕ್ಕೆ ಬಡಿಯುತ್ತದೆ. ದುಬಾರಿಯದರಲ್ಲಿ ಹೆಚ್ಚಾಗಿ ಶಾಕಬ್ಸರಿನ ಕೆಳಗಿನ ಕಾಲಿಗೇ ಬೇರೆ ಆಟೆ ಇರುತ್ತದೆ, ಇಡೀ ಉದ್ದ ಬದಲಿಸಬಹುದು, ಒಳಗಿನ ಜಾಗ ಹಾಗೇ ಉಳಿಯುತ್ತದೆ. ದುಡ್ಡು ಕಮ್ಮಿ ಇದ್ದವರು ಟಿಕ್ ಟಿಕ್ ಎಷ್ಟಿದೆ ಅಂತ ಎಣಿಸೋದು ಬಿಟ್ಟು ಇದನ್ನು ನೋಡಲಿ.

ಕಾರವಾರದಿಂದ, ಗುರುವಾರ ರಾತ್ರಿ

ಹೊನ್ನಾವರದ ಅಕ್ಕಾ, ನೀವು ದೇವರ ಹಾಗೆ ಬಂದಿರಿ. ಬೋರ್ಡು ಆಯಿತು: ‘ಏರಿಳಿ ಶಾಕಬ್ಸರ್’. ಏರಿಳಿತದ ತುದಿ ಕತ್ತರಿಸಿದ್ದು ಪೇಂಟರ್. ‘ತ ಯಾಕೆ, ದಂಡ’ ಅಂದ. ನೋಡಿದರೆ ಹಾಗೇ ಚೆನ್ನಾಗಿದೆ, ಅಲ್ವಾ? ಮಾಸ್ತರ್ರು ಬೈದರೂ ಆಟೆ ಆಟೆಯಾಗೇ ಉಳಿಯಿತು. ಹುಡುಗ ದಿನಾ ಬಳಸೋ ಪದ ಅದು. ಅವನ ಮೊದಲ ಸೆಟ್ಟಿಗೆ ಸಮುದ್ರದ ಉಪ್ಪುಗಾಳಿ ಹೊಡೆದು, ಒಂದೇ ಮಳೆಗಾಲಕ್ಕೆ ಸಿಂಬೆ ಆಟೆಗೆ ಕಚ್ಚಿ ಕೂತಿತ್ತು. ಉಳಿ ಇಟ್ಟು ಬಡಿದು ಬಿಡಿಸಿದ್ದ, ಹೆಬ್ಬೆರಳಿನ ಉಗುರು ಹೋಗಿತ್ತು. ‘ವರ್ಷಕ್ಕೆರಡು ಸಲ ಆಟೆ ತೊಳೆದು ಗ್ರೀಸು ಹಚ್ಚಿ’ ಅಂತ ಕರಪತ್ರಕ್ಕೆ ಸೇರಿಸಿದ್ದೇನೆ. ಇಂಗ್ಲಿಷ್ ಮೂಲದಲ್ಲಿ ಅದಿರಲಿಲ್ಲ.

ಒಂದೇ ಬಾಕಿ. ರಿಬೌಂಡ್. ಒತ್ತಿದ ಸ್ಪ್ರಿಂಗು ವಾಪಸ್ ಬಿಚ್ಚಿಕೊಳ್ಳೋದು. ಶನಿವಾರ ಪ್ರೆಸ್ಸಿಗೆ ಕೊಡಬೇಕು.

ಅಂಕೋಲಾದಿಂದ

ವಾಪಸ್ ಅಂತಲೇ ಹಾಕು.

ಶಿರಸಿಯಿಂದ

ವಾಪಸ್ಸೂ ಪಾರ್ಸಿಯೇ. ಮರುಪುಟಿತ. ಐದೇ ಅಕ್ಷರ, ಬೇಕಾದರೆ ನಿಮ್ಮ ಪೇಂಟರನ್ನು ಕೇಳಿ ‘ತ’ ತೆಗೆಸಿ.