ಒತ್ತಡ ಹಾಕಿ ನೀತಿ ದರ ಇಳಿಸಿದರೆ ದೀರ್ಘಾವಧಿ ಬಡ್ಡಿ ಏರುವುದೇಕೆ?

ದರಪಟ್ಟಿ: ಸರ್ಕಾರ ಕೇಂದ್ರ ಬ್ಯಾಂಕಿನ ಮೇಲೆ ಒತ್ತಡ ಹಾಕಿ ನೀತಿ ದರ (ಬ್ಯಾಂಕುಗಳ ಅಲ್ಪಾವಧಿ ಸಾಲಕ್ಕೆ ಕೇಂದ್ರ ಬ್ಯಾಂಕು ನಿಗದಿ ಮಾಡುವ ಬಡ್ಡಿ) ಇಳಿಸಿದರೆ ಸಾಲ ಅಗ್ಗವಾಗಬೇಕು ತಾನೆ? ಎಷ್ಟೋ ಸಲ 10 ವರ್ಷದ ಸರ್ಕಾರಿ ಬಾಂಡಿನ ಇಳುವರಿ (ಅದನ್ನು ಕೊಂಡವನಿಗೆ ವರ್ಷಕ್ಕೆ ಸಿಗುವ ಲಾಭದ ದರ) ಏರಿಬಿಡುತ್ತದೆ. ಅದು ಹೇಗೆ? ದರ ಇಳಿದದ್ದು ಒತ್ತಡಕ್ಕೋ, ಆರ್ಥಿಕ ಲೆಕ್ಕಾಚಾರಕ್ಕೋ ಅಂತ ಹೊರಗಿನವರಿಗೆ ಗೊತ್ತಾಗುತ್ತದೆಯೇ?

ಬಾಂಡ್‌ಕಟ್ಟೆ: ಕೇಂದ್ರ ಬ್ಯಾಂಕಿನ ಹಿಡಿತ ಮುಖ್ಯವಾಗಿ ಒಂದು ರಾತ್ರಿಯ ಸಾಲದ ದರದ ಮೇಲೆ. 10 ವರ್ಷಕ್ಕೆ ದುಡ್ಡು ಕೊಡುವವನು ಹಣದುಬ್ಬರದ ಅಂದಾಜನ್ನೂ ಸೇರಿಸಿ ದರ ಕೇಳುತ್ತಾನೆ. ಹಣದುಬ್ಬರ ಶೇ. 4 ಅಂತ ನಂಬಿದ್ದರೆ, ಶೇ. 2 ನಿಜ ಬಡ್ಡಿ (ಹಣದುಬ್ಬರ ಕಳೆದು ಉಳಿಯುವ ಲಾಭ) ಕೂಡಿಸಿ ಶೇ. 6. ದರ ಇಳಿಸಿದ್ದು ರಾಜಕೀಯಕ್ಕೆ ಅನ್ನಿಸಿ ಅವನ ಅಂದಾಜು ಶೇ. 6ಕ್ಕೆ ಹೋಯಿತೆನ್ನಿ, ಈಗ ಕೇಳುವುದು ಶೇ. 8. ನೀತಿ ದರ ಒಂದು ಶೇಕಡಾ ಅಂಶ ಇಳಿದರೂ ದೀರ್ಘಾವಧಿಗೆ ದರ ನಿಗದಿಯಾಗುವ ಗೃಹಸಾಲ ದುಬಾರಿಯಾಗುವುದು ಹೀಗೆ.

ಟರ್ಕಿ ನೋಡಿ. 2021ರ ಮಾರ್ಚಿನಲ್ಲಿ ದರವನ್ನು ಶೇ. 19ಕ್ಕೆ ಏರಿಸಿದ ಎರಡೇ ದಿನಕ್ಕೆ ಗವರ್ನರ್ ನಾಜಿ ಆಬಾಲ್ ವಜಾ ಆದರು. ಡಿಸೆಂಬರ್ ಹೊತ್ತಿಗೆ ದರ ಶೇ. 14. ಮರುವರ್ಷ ಅಕ್ಟೋಬರಿನಲ್ಲಿ ಹಣದುಬ್ಬರ ಶೇ. 85 ದಾಟಿತು. ನಡುವೆ ಅಲ್ಲಿನ ನಾಣ್ಯ ಲಿರಾದ ಕುಸಿತ ತಡೆಯಲು ಒಂದು ಠೇವಣಿ ಯೋಜನೆ ತಂದರು: ಠೇವಣಿಯ ಬಡ್ಡಿಗಿಂತ ಡಾಲರ್ ಹೆಚ್ಚು ಏರಿದರೆ ಆ ವ್ಯತ್ಯಾಸವನ್ನು ಸರ್ಕಾರಿ ಕಡೆಯಿಂದಲೇ ತುಂಬಿಕೊಡುವುದು. ಬಡ್ಡಿಯಲ್ಲಿ ಉಳಿಸಿದ್ದು ಅಲ್ಲಿ ಸೋರಿತು. 2024ರ ಮಾರ್ಚಿಗೆ ನೀತಿ ದರ ಶೇ. 50!

ಲೆಕ್ಕಪುಸ್ತಕ: ಒಂದು ತಿದ್ದುಪಡಿ. ಅದೇ ಟರ್ಕಿಯಲ್ಲಿ 2022ರ ಕೊನೆಗೆ 10 ವರ್ಷದ ಇಳುವರಿ ಏರಲಿಲ್ಲ, ಚೆನ್ನಾಗಿಯೇ ಇಳಿಯಿತು. ಬ್ಯಾಂಕುಗಳು ಸರ್ಕಾರಿ ಬಾಂಡ್ ಇಟ್ಟುಕೊಳ್ಳಲೇಬೇಕು ಅಂತ ನಿಯಮ ಬಿಗಿ ಮಾಡಿದ್ದರು. ಕೊಳ್ಳುವವರನ್ನು ಕಟ್ಟಿಹಾಕಿದ ಮೇಲೆ ಇಳುವರಿ ಏನನ್ನೂ ಹೇಳುವುದಿಲ್ಲ. ಅಮೆರಿಕದಲ್ಲಿ 1942ರಿಂದ ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ (ಫೆಡ್) ತಾನೇ ಬಾಂಡ್ ಕೊಂಡು ದೀರ್ಘಾವಧಿ ದರವನ್ನು ಶೇ. 2.5ರಲ್ಲಿ ಹಿಡಿದಿಟ್ಟಿತ್ತು, ಬಿಡುಗಡೆ ಸಿಕ್ಕಿದ್ದು ಖಜಾನೆ ಇಲಾಖೆಯ ಜತೆಗಿನ 1951ರ ಒಪ್ಪಂದದಿಂದ.

ಹಾಗಾಗಿ ಮೊದಲು ನೋಡಬೇಕಾದ್ದು ಬ್ಯಾಂಕಿನದೇ ಹಣದುಬ್ಬರ ಮುನ್ನಂದಾಜು. ಅದು ಗುರಿಗಿಂತ ಮೇಲಿದ್ದೂ ದರ ಇಳಿಸಿದರೆ, ಸಭೆಯ ನಡಾವಳಿಯಲ್ಲಿ ಕಾರಣ ಹುಡುಕಿ. ಕಾರಣ ಸಿಗದಿದ್ದರೆ ಅನುಮಾನ ಪಡಿ. ಜತೆಗೆ ಸಾಮಾನ್ಯ ಬಾಂಡಿಗೂ ಹಣದುಬ್ಬರ-ಸೂಚಿತ ಬಾಂಡಿಗೂ (ಹಣದುಬ್ಬರ ಏರಿದಷ್ಟು ಪಾವತಿಯೂ ಏರುವಂಥದ್ದು) ಇರುವ ಇಳುವರಿ ಅಂತರ, ಅಂದರೆ ಮಾರುಕಟ್ಟೆಯ ಹಣದುಬ್ಬರದ ಅಂದಾಜು, ಮತ್ತು ಸರ್ಕಾರಕ್ಕೆ ಕೇಂದ್ರ ಬ್ಯಾಂಕು ಕೊಟ್ಟಿರುವ ಸಾಲದ ಬಾಕಿಯನ್ನೂ ನೋಡಿ. ದರ ಇಳಿಸಿದ್ದೇ ಒತ್ತಡಕ್ಕೆ ಪುರಾವೆಯಂತೂ ಅಲ್ಲ.

ಮೂರನೇಬೆಂಚು: ವಜಾ ಮಾಡಿದರೆ ಕಣ್ಣಿಗೆ ಬೀಳುತ್ತದೆ, ಬೀಳದ್ದೇ ಜಾಸ್ತಿ. 1972ರ ಚುನಾವಣೆಗೆ ಮುಂಚೆ ಅಮೆರಿಕದ ರಾಷ್ಟ್ರಾಧ್ಯಕ್ಷ ನಿಕ್ಸನ್ ಹಣದ ನೀತಿ ಸಡಿಲಿಸುವಂತೆ ಫೆಡ್ ಅಧ್ಯಕ್ಷ ಆರ್ಥರ್ ಬರ್ನ್ಸ್ ಅವರನ್ನು ಖಾಸಗಿಯಾಗಿ ಒತ್ತಾಯಿಸಿದ್ದು ಶ್ವೇತಭವನದ ಧ್ವನಿಮುದ್ರಿಕೆಗಳಿಂದ ಆಮೇಲೆ ತಿಳಿದದ್ದು. ಫೆಡ್ ಗವರ್ನರುಗಳಿಗೆ 14 ವರ್ಷದ ಅವಧಿ, ಸಕಾರಣವಿಲ್ಲದೆ ತೆಗೆಯುವಂತಿಲ್ಲ ಅನ್ನುವ ಕಾನೂನು, ಎರಡೂ ಆಗಲೂ ಇದ್ದವು. ಫೋನ್ ಕರೆಗೆ ಅವು ಅಡ್ಡ ಬರುವುದಿಲ್ಲ.

ಬ್ರಿಟನ್ನಿನ 1997ರ ಏರ್ಪಾಡು ನನಗೆ ಹೆಚ್ಚು ಹಿಡಿಸುತ್ತದೆ. ಹಣದುಬ್ಬರದ ಗುರಿ ಹಾಕುವುದು ಸರ್ಕಾರ (ಈಗ ಶೇ. 2), ದರ ನಿರ್ಧರಿಸುವುದು ಕೇಂದ್ರ ಬ್ಯಾಂಕಿನ ಸಮಿತಿ. ಹಣದುಬ್ಬರ ಗುರಿಯಿಂದ ಒಂದು ಶೇಕಡಾ ಅಂಶಕ್ಕಿಂತ ಹೆಚ್ಚು ಆಚೀಚೆ ಹೋದರೆ ಗವರ್ನರ್ ಹಣಕಾಸು ಸಚಿವರಿಗೆ ಬಹಿರಂಗ ಪತ್ರ ಬರೆದು ಕಾರಣ ಕೊಡಬೇಕು. ಸಚಿವರ ಉತ್ತರವೂ ಪ್ರಕಟವಾಗುತ್ತದೆ.